ಮಾಳಿಗೆ ಮೇಲಿನ ಬಿಳಿ ಡಬ್ಬಿ

ನಮ್ಮ ಯಜಮಾನರ ಚನ್ನಗಿರಿಯ ಗೆಳೆಯರೊಬ್ಬರು ಆ ಭಾನುವಾರ ನ್ಯಾಮತಿಯ ನಮ್ಮ ಮನೆಗೆ ಬಂದಾಗ ನಾನು ರೊಟ್ಟಿ ತಟ್ಟುತ್ತಿದ್ದೆ. ಅವರ ಕೈಯಲ್ಲಿ ಅಂಗೈ ಅಗಲದ ಬಿಳಿ ಡಬ್ಬಿ ಇತ್ತು. ರೇಡಿಯೊದ ಕೇಬಲ್ಲನ್ನು ಮಾಳಿಗೆ ಮೇಲಿನ ಆಂಟೆನಾ ತಂತಿಗೆ ಸೇರಿಸುವ ಸಾಮಾನು, ಬಾಲನ್ ಅನ್ನುತ್ತಿದ್ದರು. ನಮ್ಮ ಮನೆಯ ಕೊನೆಯ ನೆಮ್ಮದಿಯ ದಿನ ಅದು.

ನಮ್ಮ ಯಜಮಾನರಿಗೆ ಹವ್ಯಾಸಿ ರೇಡಿಯೊದ ಹುಚ್ಚು. ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಗೆಳೆಯರೆಲ್ಲ ರೇಡಿಯೊದಲ್ಲಿ ಸೇರುವುದಕ್ಕೆ ನೆಟ್ ಅನ್ನುತ್ತಾರೆ. ಅದರಲ್ಲಿ ಇವರು ಟೈಪ್ ಮಾಡುತ್ತಿದ್ದರು; ಅಕ್ಷರಗಳು ಅವರವರ ಮನೆಯ ಕಂಪ್ಯೂಟರಿನಲ್ಲಿ ಮೂಡುತ್ತಿದ್ದವು. ಜಗಳೂರಿನ ಗೆಳೆಯರೊಬ್ಬರಿಗೆ ಮಾತ್ರ ಸರಿಯಾಗಿ ಸಿಗುತ್ತಿರಲಿಲ್ಲ. ಪವರ್ ಏರಿಸಬೇಕಿತ್ತು, ಅದಕ್ಕೆ ಗಟ್ಟಿಯಾದ ಬಾಲನ್ ಬೇಕಿತ್ತು. ಬಾಯಲ್ಲಿ ಮಾತಾಡಿದರೆ ಪವರ್ ಬಿಟ್ಟು ಬಿಟ್ಟು ಹೋಗುತ್ತದೆ, ಟೈಪ್ ಮಾಡಿದರೆ ಬಿಡುವಿಲ್ಲದೆ ಹೋಗಿ ಬಾಲನ್ ಒಳಗಿನ ಉಂಗುರ ಕಾಯುತ್ತದೆ. ಅದಕ್ಕೇ ಯಜಮಾನರು ಸ್ಲೇಟಿನಲ್ಲಿ ಬರೆದು ಕೇಳಿದರು: ಟೈಪಿಂಗಿಗೂ ತಡೆಯುತ್ತಾ?

"ಇನ್ನೂರು ವ್ಯಾಟ್ ಕೊಟ್ಟು ದಿನವೆಲ್ಲಾ ಕುಟ್ಟು, ಏನೂ ಆಗಲ್ಲ. ಮೊದ್ಲು ಇವ್ನ ಬಾಯಿಗೆ ಬ್ರೇಕ್ ಇರ್ಲಿಲ್ಲ, ಈಗ ಬೆರಳಿಗೂ ಇಲ್ಲ ನೋಡ್ರಕ್ಕ" ಎಂದು ಚನ್ನಗಿರಿಯವರು ನಕ್ಕರು.

ಯಜಮಾನರು ಹೊನ್ನಾಳಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದವರು. ಯಾರು ಏನು ತಂದರೂ ಬಿಚ್ಚಿ ನೋಡದೆ ಕರೆಂಟ್ ಕೊಟ್ಟವರಲ್ಲ. ಗೆಳೆಯನ ಡಬ್ಬಿಯನ್ನು ಮಾತ್ರ ಬಿಚ್ಚಲಿಲ್ಲ, ಹಾಗೇ ಮಾಳಿಗೆ ಮೇಲೆ ಕಟ್ಟಿದರು.

ಮರುದಿನ ಜಗಳೂರಿಗೆ ಉದ್ದಕ್ಕೆ ಬರೆಯುತ್ತಾ ಕೂತಿದ್ದರು. ಮೇಲೆ ಬಾಲನ್ ಸುಟ್ಟಿತು, ಅದರ ಹಿಂದೆಯೇ ರೇಡಿಯೊದಲ್ಲಿ ಹೊರಗೆ ಕಳಿಸುವ ಪವರ್ ಭಾಗವೂ ಹೋಯಿತು. ತುಂಡು ತಂತಿ ಸಿಕ್ಕಿಸಿದರೆ ಕೇಳಿಸುತ್ತಿತ್ತು, ಕಳಿಸಲು ಆಗುತ್ತಿರಲಿಲ್ಲ. ಹಾಗೆ ಕೇಳುತ್ತಿದ್ದಾಗಲೇ ನೆಟ್‌ನಲ್ಲಿ ಚನ್ನಗಿರಿಯವರ ದನಿ ಬಂತು.

"ಟೈಪಿಂಗಿಗೆ ಬ್ಯಾಡ ಅಂತ ಹೇಳಿದ್ದೆ ಕಣ್ರಿ. ಕಾಯಿಲೆ ಮನುಷ್ಯ, ತಲೆ ಓಡಲ್ಲ ಬಿಡ್ರಿ."

ಯಜಮಾನರ ಬೆರಳುಗಳು ಕೀಬೋರ್ಡಿಗೆ ಹೋದವು. ಒತ್ತಿದ್ದು ಎಲ್ಲಿಗೂ ಹೋಗಲಿಲ್ಲ. ಫೋನಿನಲ್ಲಾದರೂ ಮೆಸೇಜ್ ಹಾಕಿ ಅಂದೆ. "ಎಲ್ಲರ ಮುಂದೆ ಅಂದದ್ದಕ್ಕೆ ಅಲ್ಲೇ ಉತ್ತರ" ಎಂದು ಸ್ಲೇಟಿನಲ್ಲಿ ಬರೆದರು. ರೇಡಿಯೊ ರಿಪೇರಿಯಾಗಿ ಬರುವ ಮುಂಚೆಯೇ ತೀರಿಹೋದರು.

ಶಿವಗಣಾರಾಧನೆಗೆ ಬಂದ ಜಗಳೂರಿನವರು ಮಾಳಿಗೆ ಹತ್ತಿ ಡಬ್ಬಿ ಇಳಿಸಿ ಬಿಚ್ಚಿದರು. ಒಳಗಿನ ಉಂಗುರ ಸೀಳಿಹೋಗಿತ್ತು; ಸೀಳಿನಲ್ಲಿ ಮೊದಲೇ ಯಾರೋ ಹಚ್ಚಿದ್ದ ಅಂಟು ಕರಕಲಾಗಿತ್ತು.

"ಅಕ್ಕಾ, ಇದು ನಮ್ಮನೇಲಿ ಸುಟ್ಟಿದ್ದ ಬಾಲನ್. ಇನ್ನು ಬರಲ್ಲ, ಬಿಸಾಕು ಅಂತ ಆ ಚನ್ನಗಿರಿಯವ್ನ ಕೈಗೇ ಕೊಟ್ಟಿದ್ದೆ."

"ಹಂಗಾದ್ರೆ ನಾಳೆ ನೆಟ್‌ನಾಗೆ ಹೇಳ್ರಿ" ಅಂದೆ.

ಅವರು ಡಬ್ಬಿಯ ಸ್ಕ್ರೂ ಬಿಗಿಯುತ್ತಾ ತಲೆ ತಗ್ಗಿಸಿದರು. "ಹೆಂಗೆ ಹೇಳಾಕೆ ಆಗ್ತೈತಕ್ಕ? ಬೆಳಗಾದ್ರೆ ಅವ್ನ ಜೊತೆ ಮಾತಾಡೋನು ನಾನು."

ರೇಡಿಯೊ ರಿಪೇರಿಯಾಗಿ ಬಂದಿದೆ. ನನಗೆ ಲೈಸೆನ್ಸ್ ಇಲ್ಲ, ಕೇಳಬಹುದು ಅಷ್ಟೇ. ದಿನಾ ಕೇಳುತ್ತೇನೆ. ಮಳೆಯ ಮಾತಾಗುತ್ತದೆ, ಯಾರದೋ ಮಗಳ ಮದುವೆಯ ಮಾತಾಗುತ್ತದೆ, ಚನ್ನಗಿರಿಯವರು, ಜಗಳೂರಿನವರು ಇಬ್ಬರೂ ನಗುತ್ತಾರೆ. ತಪ್ಪು ನಮ್ಮ ಯಜಮಾನರದಲ್ಲ ಎಂದು ಅಲ್ಲಿ ಇನ್ನೂ ಯಾರೂ ಹೇಳಿಲ್ಲ.