ಎರಡು ಪಾಲಾದ ಚೀಟಿ

ಹಟ್ಟಿ ಗುಡಿಸಿದೆ. ಎಮ್ಮೆ ಕರೆದೆ. ಹರಿದ ದುಪ್ಪಟಿಗೆ ತೇಪೆ ಹಾಕಿದೆ. ಮಧ್ಯಾಹ್ನ ಒರಳಿನಲ್ಲಿ ಅರಿಶಿನ ಕುಟ್ಟುವಾಗ ಘಾಟು ಮೂಗಿಗೆ ಬಡಿದು ಪಕ್ಕದ ಮನೆಯ ಅಕ್ಕ ನೆನಪಾದರು. ಗುಮ್ಮಳಾಪುರಕ್ಕೆ ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಒನಕೆ ಹಿಡಿಯಲು ಕಲಿಸಿದವರು ಅವರೇ...

ಬಿಳಿಯರು ಹೊರಡುವ ಮುಂಚೆ ಒಂದು ಚುನಾವಣೆ ನಡೆಯಿತು. ಊರಿನಲ್ಲಿ ಎಲ್ಲರದೂ ಒಂದೇ ಪಕ್ಷ, ಎಲ್ಲರ ತಲೆಯ ಮೇಲೂ ಖಾದಿ ಟೋಪಿ. ಟೋಪಿಯ ಕೆಳಗೆ ಮಾತ್ರ ಎರಡು ಬಣ. ಹೊಸೂರು ಪೇಟೆಯ ಮೇಷ್ಟರುಗಳು, ಕಚೇರಿಯವರು ಒಬ್ಬ ವಕೀಲರ ಕಡೆ. ಹೊಲದವರು ತಮ್ಮ ಗೌಡರ ಕಡೆ. ಆಗ ನಿಂತವರಿಗೆಲ್ಲ ಒಂದೊಂದು ಬಣ್ಣದ ಪೆಟ್ಟಿಗೆ, ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕುವುದು. ಪಕ್ಷ ವಕೀಲರಿಗೆ ಹಳದಿ ಪೆಟ್ಟಿಗೆ ಕೊಟ್ಟಿತು. ಗೌಡರು ಮುನಿಸಿಕೊಂಡು ಕೆಂಪು ಪೆಟ್ಟಿಗೆಗೆ ನಿಂತರು, ಟೋಪಿಯನ್ನೇನೂ ತೆಗೆಯಲಿಲ್ಲ. ಕೂಲಿಯವರಿಗೆ ವೋಟೇ ಇರಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ.

ಗಂಡ ಕಂದಾಯ ಕಟ್ಟುತ್ತಿದ್ದುದರಿಂದ ಅಕ್ಕನಿಗೂ ವೋಟು ಬಂದಿತ್ತು. ಗಂಡ ಕೆಂಪು. ತವರು ಹೊಸೂರು, ಅಲ್ಲಿ ಮೇಷ್ಟರಾಗಿದ್ದ ತಮ್ಮ ಹಳದಿ.

"ಹಳದಿಗಾಕಿದ್ರೆ ಅಂಗೇ ತವರಿಗೆ ಹೋಗ್ಬುಡು. ಈ ಹೊಸ್ಲು ತುಳೀಬ್ಯಾಡ," ಅಂದರು ಗಂಡ.

ತಮ್ಮ ಬಂದು ಜಗಲಿಯಲ್ಲಿ ಕೂತ. ಕೊಟ್ಟ ನೀರು ಮುಟ್ಟಲಿಲ್ಲ. "ಕೆಂಪಿಗೆ ಹಾಕಿದ್ರೆ, ನಂಗೊಬ್ಳು ಅಕ್ಕ ಇದ್ಲು ಅನ್ನೋದೇ ಮರೀತೀನಿ," ಎಂದು ಎದ್ದು ಹೋದ.

ಆಮೇಲೆ ಅಕ್ಕ ಸರಿಯಾಗಿ ಉಣ್ಣಲಿಲ್ಲ. ಬಾವಿಕಟ್ಟೆಗೆ ಬಂದರೂ ಕೊಡ ತುಂಬಿಸದೆ ನಿಂತುಬಿಡುತ್ತಿದ್ದರು...

ವೋಟಿನ ದಿನ ಅಕ್ಕ ಗಾಡಿಯಿಂದಿಳಿದು ನೇರ ನಮ್ಮ ಹಿತ್ತಲಿಗೆ ಬಂದರು. ಮುಖ ತಿಳಿಯಾಗಿತ್ತು.

"ಚೀಟೀನ ಸಮವಾಗಿ ಹರ್ದು, ಅರ್ಧ ಹಳದೀಗೆ, ಅರ್ಧ ಕೆಂಪಿಗೆ ಹಾಕ್ಬುಟ್ಟೆ ಕಣಮ್ಮ. ಪಾಲು ಅಂದ್ರೆ ಪಾಲು. ಇನ್ನು ಯಾರೂ ನನ್ನ ಕೇಳಂಗಿಲ್ಲ."

ಅರ್ಧ ಚೀಟಿ ಯಾವ ಲೆಕ್ಕಕ್ಕೂ ಇಲ್ಲವೆಂದು ನನಗೂ ಗೊತ್ತಿರಲಿಲ್ಲ. ಅಕ್ಕ ಅದನ್ನೇ ಮನೆಯಲ್ಲೂ ಹೇಳಿದರು, ತಮ್ಮನಿಗೂ ಹೇಳಿ ಕಳಿಸಿದರು. "ತವರಿಗೂ ಇಕ್ದೆ ಅನ್ನು," ಎಂದ ಗಂಡ ಆಮೇಲೆ ಮಾತೇ ಬಿಟ್ಟರು. ಗೌರಿ ಹಬ್ಬಕ್ಕೆ ತಮ್ಮ ಕರೆಯಲು ಬರಲಿಲ್ಲ. ಬಾಗಿನವೂ ಬರಲಿಲ್ಲ.

ಮರುವರ್ಷ ಗೆದ್ದ ವಕೀಲರೂ ಸೋತ ಗೌಡರೂ ಒಂದೇ ವೇದಿಕೆಯಲ್ಲಿ ಕೂತು ಹಾರ ಹಾಕಿಸಿಕೊಂಡರು. ಗಂಡ, ತಮ್ಮ ಇಬ್ಬರೂ ಕೆಳಗೆ ಅಕ್ಕಪಕ್ಕ ನಿಂತು ಚಪ್ಪಾಳೆ ತಟ್ಟಿದರಂತೆ. ಅಕ್ಕನ ವಿಷಯ ಅಲ್ಲಿ ಏಳಲಿಲ್ಲ.

ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು. ಹೊಸೂರಿಗೆ ಈಗ ಬಸ್ಸು ಓಡಾಡುತ್ತದೆ. ಇದ್ದಷ್ಟು ದಿನ ಅವರು ತವರಿಗೆ ಹೋದದ್ದನ್ನು ನಾನು ಮತ್ತೆ ಕಾಣಲಿಲ್ಲ.

ರಾತ್ರಿ ಮುದ್ದೆ, ಹುರುಳಿಸಾರು ಉಂಡೆವು. ಯಜಮಾನರು ಮೊದಲು ಮಲಗಿದರು.