ಹಿತ್ತಲ ಕಲ್ಲು ತೊಳೆದವರು

ತವರು ಮನೆಯ ಹಿತ್ತಲಲ್ಲಿರುವ ಕಲ್ಲಿನ ಮುಖವನ್ನು ನಾನು ಮೊದಲು ಕಂಡದ್ದು ಪತ್ರಿಕಾ ಕಚೇರಿಯ ಕಂಪ್ಯೂಟರಿನಲ್ಲಿ. ಭಾನುವಾರದ ಪುರವಣಿ ನೋಡಿಕೊಳ್ಳುವುದು ನನ್ನ ಕೆಲಸ. ಒಂಟಿಯಾಗಿ ಊರು ಸುತ್ತುವವರು ಗುಂಪು ಕಟ್ಟಿಕೊಂಡು ಬೆಂಗಳೂರಿನ ಕಲೆ, ಕಟ್ಟಡಗಳನ್ನು ನೋಡುವ ಬಗ್ಗೆ ಒಂದು ಬರಹ ಬಂದಿತ್ತು. ಒಬ್ಬರಿಗೊಬ್ಬರು ಪರಿಚಯವಿರುವುದಿಲ್ಲ. ಜೊತೆಗೆ ಯಾರನ್ನೂ ಕರೆತರುವಂತಿಲ್ಲ. ಮುಂದೆ ನಿಂತು ವಿವರಿಸುವವಳು ದಾವಣಗೆರೆ ಕಡೆಯ ಯುವ ಆರ್ಕಿಟೆಕ್ಟ್. ಹಳೆಯ ಚರ್ಚು, ಮಾರುಕಟ್ಟೆ, ಮೆಟ್ರೊ ಕಂಬದ ಮೇಲಿನ ಚಿತ್ರ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡ, ಇಷ್ಟೆಲ್ಲ ಆದ ಮೇಲೆ ಕೊನೆಯ ಫೋಟೊ ಬೇಗೂರಿನದು. ಒಂದು ಹಿತ್ತಲು, ನೀರಿನ ತೊಟ್ಟಿ, ಹಿಂದೆ ಅಪಾರ್ಟ್‌ಮೆಂಟಿನ ಕಾಂಪೌಂಡು. ನಡುವೆ ಒದ್ದೆ ಕಲ್ಲು. ಅದರಲ್ಲಿ ಕತ್ತಿ ಹಿರಿದ ಗಂಡಸು, ಅವನ ಕಾಲ ಬಳಿ ಹಸುಗಳು.

ತೊಟ್ಟಿಯನ್ನು ನೋಡಿ ನಮ್ಮ ಮನೆ ಎಂದು ಗುರುತು ಹಿಡಿದೆ. ಕಲ್ಲಿನಿಂದ ಗುರುತು ಸಿಗುವಂತಿರಲಿಲ್ಲ.

ಅದು ವೀರಗಲ್ಲು. ಮನೆಯಲ್ಲಿ ಹಿತ್ತಲಪ್ಪ ಎನ್ನುತ್ತೇವೆ. ಎಲ್ಲಿಂದಲೋ ಒಬ್ಬನೇ ಬಂದವನು, ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರ ಮೇಲೆ ಬಿದ್ದು, ದನ ಬಿಡಿಸಿ ಸತ್ತನಂತೆ. ಆಗ ಊರವರು ಬಾಗಿಲು ಹಾಕಿಕೊಂಡು ಒಳಗಿದ್ದರು. ಹೆಣದ ಮೈ ತೊಳೆದವನೂ ದಾರಿಹೋಕನೇ. ಇದು ಅಮ್ಮ ಹೇಳುವ ಮಾತು, ಬೇರೆ ಆಧಾರ ನನಗೆ ಸಿಕ್ಕಿಲ್ಲ. ಆ ಕಾರಣಕ್ಕೆ ಮನೆಯವರು ಕಲ್ಲಿಗೆ ಎಣ್ಣೆ ಹಚ್ಚಬಹುದು, ತೊಳೆಯುವಂತಿಲ್ಲ. ಹೊರಗಿನಿಂದ ಒಬ್ಬನೇ ಬಂದವನು, ಊರಲ್ಲಿ ಯಾರೂ ಇಲ್ಲದವನು ತೊಳೆಯಬೇಕು. ಹಿಂದೆ ಜೋಳಿಗೆ ಹಾಕಿಕೊಂಡು ತಿರುಗುವವರು ಬರುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಅವರು ಬರುವುದು ನಿಂತಿತ್ತು, ಎಣ್ಣೆ ಹಚ್ಚುವುದು ನಿಂತಿರಲಿಲ್ಲ. ಹರಳೆಣ್ಣೆ, ಕುಂಕುಮ, ರಸ್ತೆಯ ದೂಳು ಪದರ ಪದರವಾಗಿ ಕೂತು, ನಾನು ಕಂಡ ಹಿತ್ತಲಪ್ಪ ಒಂದು ಕರಿಯ ಉಂಡೆ. ಶಾಲೆಗೆ ಹೋಗುವಾಗ ಒಮ್ಮೆ ಉಗುರಿನಿಂದ ಕೆರೆದು ನೋಡಲು ಹೋಗಿ ಅಮ್ಮನಿಂದ ಏಟು ತಿಂದಿದ್ದೆ. ಕೆಲಸಕ್ಕೆ ಸೇರಿದ ಮೇಲೆ ಕಚೇರಿಯ ಫೋಟೊಗ್ರಾಫರನ್ನು ಕರೆತಂದು, ಇವರು ಹೊರಗಿನವರಲ್ಲವೇ, ಇವರೇ ತೊಳೆಯಲಿ ಎಂದು ಕೇಳಿದ್ದೆ. “ನಿನ್ ಜೊತೆ ಬಂದೋರು ನಮ್ಮೋರೇ ಅಲ್ವೇನೇ?” ಎಂದು ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದ್ದಳು.

ಈಗ ಫೋಟೊದಲ್ಲಿ ಯಾರ್ಯಾರದೋ ಕೈಗಳು ಆ ಕಲ್ಲಿನ ಮೇಲಿದ್ದವು. ಅಡಿಬರಹದಲ್ಲಿ ‘ಬೇಗೂರಿನ ಅಜ್ಜಿಯೊಬ್ಬರ ಹಿತ್ತಲಲ್ಲಿ’ ಎಂದಿತ್ತು. ನನಗೆ ಹೊಟ್ಟೆ ಉರಿಯಿತು. ಇದಕ್ಕೆ ಬೇರೆ ಪದ ಹುಡುಕುವ ಅಗತ್ಯವಿಲ್ಲ. ಪುಟದಲ್ಲಿ ಜಾಗ ಕಡಿಮೆಯಿತ್ತು, ಒಂದು ಫೋಟೊ ಬಿಡಲೇಬೇಕಿತ್ತು. ಗಾಜಿನ ಕಟ್ಟಡದ್ದನ್ನು ಬಿಟ್ಟೆ. ಹಿತ್ತಲಿನದನ್ನು ಮೇಲೆ, ಅಗಲವಾಗಿ ಹಾಕಿದೆ. ಬಂದವುಗಳಲ್ಲಿ ಅದೇ ಚೆನ್ನಾಗಿತ್ತು.

ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ.

“ಕಲ್ಲು ತೊಳೆಸಿದ್ಯಂತೆ?”

“ಊಂ ಕಣೆ. ಪಾಪ, ಯಾರೂ ಇಲ್ದೋರು ಬಂದಿದ್ರು. ಯಾರ್ ಜೊತೆ ಬಂದ್ಯಪ್ಪ ಅಂತ ಒಬ್ಬೊಬ್ರನ್ನೂ ಕೇಳ್ದೆ. ಒಬ್ನೇ ಅಂತಾನೆ ಒಬ್ಬ, ಒಬ್ಳೇ ಅಂತಾಳೆ ಇನ್ನೊಬ್ಳು. ಅಷ್ಟೊಂದ್ ಜನಕ್ಕೆ ಯಾರೂ ಇಲ್ವಲ್ಲೇ! ಕರುಳು ಕಿವುಚ್ದಂಗಾಯ್ತು.”

“ಅಮ್ಮಾ, ಅವರಿಗೆಲ್ಲ ಅಪ್ಪ ಅಮ್ಮ ಇದಾರೆ. ಗಂಡ, ಹೆಂಡ್ತಿ, ಮಕ್ಕಳೂ ಇರ್ತಾರೆ. ರಜಾ ದಿನ ಒಬ್ಬರೇ ಸುತ್ತೋದು ಅವರಿಗೆ ಖುಷಿ, ಅಷ್ಟೇ.”

“ಸುಮ್ಕಿರೇ. ಮನೇಲಿ ಜನ ಇಟ್ಕೊಂಡು ಯಾರಾದ್ರೂ ಒಬ್ಬೊಬ್ರೇ ಅಲೀತಾರಾ? ನಿಂಗ್ ಪೇಪರ್ನೋರ್ಗೆ ಎಲ್ಲಾನೂ ಅನುಮಾನ.”

ಯುಗಾದಿಗೆ ಮುಂಚೆ ಮತ್ತೆ ಬರಲು, ಗುಂಪು ಕರೆತಂದಿದ್ದ ಆ ಹುಡುಗಿಗೆ ಹೇಳಿದ್ದೇನೆ ಎಂದೂ ಅಮ್ಮ ತಿಳಿಸಿದಳು. ಅಂದೇ ನಾನು ಗುಂಪಿಗೆ ಹೆಸರು ಕೊಟ್ಟೆ.

ಮದುವೆಯಾದಾಗಿನಿಂದ ನನ್ನ ಮನೆ ಮಾಕಳಿ. ತುಮಕೂರು ರಸ್ತೆಯಿಂದ ಬೇಗೂರಿಗೆ ಬರುವುದೆಂದರೆ ನಗರವನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಗುಂಪು ಹೊರಡುವ ದಿನ ಬೆಳಕು ಹರಿಯುವ ಮುಂಚೆ ಚಪ್ಪಲಿ ಮೆಟ್ಟುತ್ತಿದ್ದಾಗ ಗಂಡ ಕೇಳಿದ, “ತವರಿಗಾ?”

“ಅಲ್ಲ. ಕಟ್ಟಡ ನೋಡೋಕೆ.”

“ನಿಮ್ಮೂರು ನೋಡೋಕೆ ನೀನು ಗುಂಪು ಸೇರ್ಕೊಂಡ್ ಹೋಗ್ತೀಯಾ? ಸರಿ ಹೋಯ್ತು” ಎಂದು ಮಗ್ಗುಲಾದ.

ಬೇಗೂರಿನ ದೇವಸ್ಥಾನದ ಮುಂದೆ ಎಲ್ಲರೂ ಸೇರಿದ್ದರು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಪಕ್ಕದಲ್ಲಿದ್ದವನಿಗೆ ಆಗಲೇ ‘ಗುರು’ ಎನ್ನುತ್ತಿದ್ದ. ಆರ್ಕಿಟೆಕ್ಟ್ ನನ್ನ ಕಡೆ ತಿರುಗಿ, “ಮೇಡಂ, ಎಲ್ಲಿಂದ ಬಂದ್ರಿ?” ಎಂದಳು.

“ಮಾಕಳಿಯಿಂದ.”

“ಒಬ್ರೇನಾ?”

“ಒಬ್ಬಳೇ.”

ಎರಡೂ ನಿಜ.

ಅವಳು ವಿವರಿಸುತ್ತಾ ಹೋದಳು. ತಪ್ಪು ಸಿಗಲಿ ಎಂದು ಕಾಯುತ್ತಾ ಅವಳ ಹಿಂದೆಯೇ ನಡೆದೆ. ಸಿಗಲಿಲ್ಲ. ದೇವಸ್ಥಾನದ ಕಂಬದ ಮೇಲೆ ಕೆತ್ತಿದ ಪಟ್ಟಿಯನ್ನು ಕೆಳಗಿನ ನೆರಳಿನ ಜೊತೆ ಸೇರಿಸಿ ನೋಡಿ ಎಂದಳು. ಅದೇ ಕಂಬ ಹಿಡಿದು ಸುತ್ತಿ ಆಡಿದವಳು ನಾನು, ಆ ನೆರಳನ್ನು ನೋಡಿರಲಿಲ್ಲ. ಎಲ್ಲರ ಜೊತೆ ತಲೆಯಾಡಿಸಿದೆ.

ಆಮೇಲೆ ನಮ್ಮ ಬೀದಿ, ನಮ್ಮ ಜಗಲಿ. ಅಮ್ಮ ಹಬ್ಬದ ಸೀರೆ ಉಟ್ಟು ಕೂತಿದ್ದಳು.

“ಆರಾಮಿದೀರೇನ್ರೀ ಅಜ್ಜಿ?” ಎಂದಳು ಆರ್ಕಿಟೆಕ್ಟ್.

“ಬಾರವ್ವ, ಬಾ. ಬಿಸಿಲಲ್ಲಿ ಎಂಗ್ ಬಾಡೋಗಿದ್ದೀಯ ನೋಡು” ಎಂದು ಅಮ್ಮ ಅವಳ ಕೆನ್ನೆ ಸವರಿದಳು. ನಾನು ಬಂದಾಗ ಅಮ್ಮ ಮೊದಲು ನೋಡುವುದು ನನ್ನ ಕೈಚೀಲವನ್ನು, ರಾತ್ರಿ ಉಳಿಯುತ್ತೀನೋ ಇಲ್ಲವೋ ತಿಳಿಯಲು.

ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳಿ ಒಳಗೆ ಬಿಟ್ಟಳು. ನನ್ನ ಸರದಿ ಬಂತು.

“ನೀನ್ಯಾಕೇ ಇವ್ರ ಜೊತೆ?”

“ಒಬ್ಬಳೇ ಬಂದೆ, ಅಮ್ಮ. ನಾನೂ ತೊಳೀತೀನಿ.”

“ಮನೆಯೋರು ಮುಟ್ಟಿ ತೊಳಿಯಂಗಿಲ್ಲ ಅಂತ ಗೊತ್ತಿಲ್ವಾ?”

“ನಾನು ಹೊರಗಿನೋಳೇ ಅಲ್ವಾ? ಮದುವೆ ದಿನ ‘ಇನ್ಮೇಲೆ ಮಾಕಳಿನೇ ನಿನ್ ಮನೆ’ ಅಂದೋಳು ನೀನೇ. ಪ್ರತಿ ಹಬ್ಬಕ್ಕೂ ‘ಒತ್ತಾಯ್ತು, ನಿನ್ ಮನೆಗೆ ಓಗು’ ಅಂತೀಯ.”

ಹಿಂದೆ ಯಾರೋ ಕಿಸಕ್ಕೆಂದರು. ಆರ್ಕಿಟೆಕ್ಟ್ ಬೆರಗಾಗಿ ನನ್ನನ್ನೂ ಅಮ್ಮನನ್ನೂ ನೋಡುತ್ತಿದ್ದಳು. ಅಮ್ಮನಿಗೆ ನಗು ಬರಲಿಲ್ಲ.

“ಅದು ನಿಮ್ಮತ್ತೆ ಮುಂದೆ ಆಡೋ ಮಾತು. ಇವನ ಮುಂದೆ ಆಡೋದಲ್ಲ” ಎಂದು ಹಿತ್ತಲ ಕಡೆ ಕೈ ತೋರಿದಳು. “ಬಾಗ್ಲಾಕ್ಕೊಂಡು ಒಳಗಿದ್ದೋರ ಮನೆಲಿ ಉಟ್ದೋಳು ನೀನು. ಎಲ್ಲಿಗ್ ಕೊಟ್ರೂ ಅದು ಓಗ್ತದಾ? ಎಣ್ಣೆ ಬಟ್ಲು ಇಡ್ಕೋ.”

ಬಟ್ಟಲು ಹಿಡಿದು ತೊಟ್ಟಿಯ ಪಕ್ಕ ನಿಂತೆ. ಕಲ್ಲು ಆಗಲೇ ಮತ್ತೆ ಎಣ್ಣೆ, ಕುಂಕುಮ, ದೂಳು ಮೆತ್ತಿ ಕಪ್ಪಾಗಿತ್ತು. ಅವರು ಬಿಸಿನೀರು ಹೊಯ್ದರು, ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿದರು. ವೈಟ್‌ಫೀಲ್ಡಿನ ಹುಡುಗ ಅಂಗಿಯ ತೋಳು ಮಡಚಿಕೊಂಡು ಮುಂದೆ ಕೂತಿದ್ದ. ಮೊದಲು ಕತ್ತಿ ಬಂತು, ಆಮೇಲೆ ಭುಜ, ಮುಖ. ಕೊನೆಗೆ ಹಸುಗಳು. ಅವುಗಳಲ್ಲಿ ಒಂದು ಕತ್ತು ಹಿಂದಕ್ಕೆ ತಿರುಗಿಸಿ ಅವನನ್ನು ನೋಡುತ್ತಿತ್ತು. ಕಚೇರಿಗೆ ಬಂದ ಫೋಟೊದಲ್ಲಿ ಅಲ್ಲಿ ಯಾರದೋ ಹೆಬ್ಬೆರಳಿತ್ತು.

ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟೆ.

“ಮೇಡಂ, ಸ್ವಲ್ಪ ಸೈಡಿಗೆ ಬನ್ನಿ, ಫೋಟೊಗೆ ಅಡ್ಡ ಬರ್ತಿದೀರ” ಎಂದ ಹುಡುಗ.

ಸರಿದು ನಿಂತೆ. ಎಲ್ಲರೂ ತೆಗೆದುಕೊಂಡ ಮೇಲೆ ಅಮ್ಮ, “ಊಂ, ಅಚ್ಚು” ಎಂದಳು. ಮೇಲಿನಿಂದ ಎಣ್ಣೆ ಹಚ್ಚಲು ಶುರು ಮಾಡಿದೆ. ಕತ್ತಿ ಕಪ್ಪಾಯಿತು, ಮುಖ ಕಪ್ಪಾಯಿತು. ಬಾಗಿಲಿಂದ ಆರ್ಕಿಟೆಕ್ಟ್ ಕರೆದಳು, “ಮೇಡಂ, ಬರ್ತೀರಲ್ಲ? ಮುಂದೆ ಎಲೆಕ್ಟ್ರಾನಿಕ್ ಸಿಟಿ.”

“ಅವಳೆಲ್ಲಿಗ್ ಬತ್ತಾಳೆ? ನೀವ್ ಓಗ್‌ಬನ್ರವ್ವ” ಎಂದಳು ಅಮ್ಮ.

ಬೀದಿಯಲ್ಲಿ ಅವರ ನಗು ಕೇಳಿಸುತ್ತಿತ್ತು. “ಆ ಹಸು ಫೋಟೊ ನಂಗೂ ಕಳ್ಸು ಗುರು” ಎಂದರು ಯಾರೋ. ಉಳಿದದ್ದು ಹಸುವಿನ ಮುಖವೊಂದೇ. ಎಣ್ಣೆ ಹಚ್ಚುವವರು ಮುಟ್ಟಲು ಅಡ್ಡಿಯಿಲ್ಲ. ಕೊಂಬು, ಕಿವಿ, ತಿರುಗಿದ ಕತ್ತಿನ ಮಡಿಕೆ, ಒಂದೊಂದನ್ನೂ ಬೆರಳಿನಿಂದ ತಡವಿ ನೋಡಿದೆ.

“ಅದುಕ್ಕೂ ಅಚ್ಚು” ಎಂದಳು ಅಮ್ಮ.

ಹಚ್ಚಿದೆ.