ಎರಡು ಮನೆಗೆ ಒಬ್ಬ ಅಜ್ಜ

ನಾನು ನೇಯ್ದ ಕಂಬಳಿಗಳನ್ನು ಮಾರುತ್ತಿದ್ದ ದಾವಣಗೆರೆಯ ಅಂಗಡಿ ಯಜಮಾನರು ಪ್ರತಿಯೊಂದನ್ನೂ ಕೆನ್ನೆಗೆ ಒತ್ತಿ ನೋಡಿಯೇ ಒಪ್ಪಿಕೊಳ್ಳುತ್ತಿದ್ದರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ನನ್ನ ಕಂಬಳಿ ಒಮ್ಮೆಯೂ ಆ ಕೆನ್ನೆಯಿಂದ ವಾಪಸು ಬಂದಿಲ್ಲ.

ಕೊರಿಯಾದ ಯುದ್ಧ ಮುಗಿದ ಮೇಲೆ ಅವರು ಅಲ್ಲಿನ ಎರಡು ಅನಾಥಾಲಯಗಳಿಗೆ ಕಂಬಳಿ ಕಳಿಸತೊಡಗಿದರು. ಯಾಕೆಂದು ಕೇಳಿದರೆ, “ಮೊದ್ಲು ಬೆಚ್ಚಗಿರ್ಲಿ ಬಿಡಪ್ಪ, ಆಮೇಲೆ ಮಾತು” ಎನ್ನುತ್ತಿದ್ದರು. ಪ್ರತಿ ಡಿಸೆಂಬರಿನಲ್ಲಿ ಎರಡೂ ಕಡೆಯಿಂದ ಹಬ್ಬದ ಕಾರ್ಡುಗಳು ಬರುತ್ತಿದ್ದವು. ಎರಡರಲ್ಲೂ ಹಿಮದಲ್ಲಿ ಮೂಟೆ ಹೊತ್ತ ಅದೇ ಬಿಳಿಗಡ್ಡದ ಅಜ್ಜ.

“ನೋಡಪ್ಪ, ಎರಡು ಮನೆಗೂ ಇವನೊಬ್ಬನೇ ದುಡೀತಾನೆ. ಈ ವಯಸ್ಸಿಗೆ! ಇವನ ಅಳತಿಗೂ ಒಂದು ನೇಯಿ” ಎಂದರು ಒಮ್ಮೆ ಯಜಮಾನರು.

ಅಜ್ಜನ ಹೊಟ್ಟೆ ನೋಡಿ ಒಂದು ಮೊಳ ಹೆಚ್ಚಿಗೆ ನೇಯ್ದೆ. ಯಜಮಾನರು ಅದಕ್ಕೆ ಅಜ್ಜನ ಕಾರ್ಡನ್ನೇ ಹೊಲಿದು, ಒಂದು ಅನಾಥಾಲಯದ ಗಂಟಿಗೆ ಸೇರಿಸಿ ಕಳಿಸಿದರು.

ಆಮೇಲೆ ವಿಷಯ ತಿಳಿದು, ಕಾಗದ ಓದಿಕೊಡುತ್ತಿದ್ದ ಹರಿಹರದ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಯಜಮಾನ್ರೆ, ಅವನು ಕ್ರಿಸ್‌ಮಸ್ ಕಥೆ ಅಜ್ಜ. ಅಂಥವನು ಯಾರೂ ಇಲ್ರಿ!”

“ಚಿತ್ರಕ್ಕೂ ಚಳಿ ಆಗ್ತೈತೇನ್ರಿ?” ಎಂದು ಬಜಾರಿನವರು ಕಾಡಿದರು. ಯಜಮಾನರು ನನ್ನನ್ನು ಮಾತ್ರ ಮೆಲ್ಲಗೆ ಕೇಳಿದರು: “ಅಲ್ಲಿ ಹುಡುಗ್ರೂ ನಕ್ಕಿರ್ತಾವೇನಪ್ಪ?”

ಬೇಸಿಗೆಯಲ್ಲಿ ಆ ಅನಾಥಾಲಯದ ಕಾಗದ ಬಂತು. ಮೇಷ್ಟ್ರು ಓದಿದರು: “ಅಜ್ಜನಿಗೆಂದು ಕಳಿಸಿದ ಕಂಬಳಿಯನ್ನು ನಮ್ಮ ಮುದಿ ಕಾವಲುಗಾರನಿಗೆ ಕೊಟ್ಟೆವು. ಅವನು ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿಲ್ಲ.”

ಯಜಮಾನರು ತಟ್ಟನೆ ಎದ್ದು ನಿಂತರು.

“ಹಂಗಾರೆ ಇನ್ನೊಂದು ಮನೆ ಕಾವಲುಗಾರ ಏನ್ ಪಾಪ ಮಾಡಿದ್ದ? ನಡಿಯಪ್ಪ, ಮಗ್ಗ ಹೂಡು.”